ಹಳದಿ ನೀರಿನ ಲೆಕ್ಕ

12 ಆಗಸ್ಟ್ 2025, ಮಂಗಳವಾರ

ಲೆಕ್ಕ ತಾಳೆಯಾಗುತ್ತಿಲ್ಲ. ಊಟದ ಹೊತ್ತಿಗೆ ಮುಗಿಯುತ್ತದೆ ಎಂದುಕೊಂಡಿದ್ದ ಕೆಲಸ, ಈಗ ರಾತ್ರಿ ಹತ್ತು ದಾಟಿದೆ.

ಪೀಣ್ಯದ ಆ ಸಣ್ಣ ಪ್ಲೇಟಿಂಗ್ ಘಟಕದ್ದೇ, ಲೋಹದ ಬಿಡಿಭಾಗಗಳಿಗೆ ಕ್ರೋಮಿಯಂ ಲೇಪಿಸುವ ಕಾರ್ಖಾನೆ. ಸೆಪ್ಟೆಂಬರ್ 30ರೊಳಗೆ ನಮೂನೆ 5, ಅಂದರೆ ವರ್ಷದ ಪರಿಸರ ಹೇಳಿಕೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಬೇಕು. ಮಂಡಳಿಯ ಸಮ್ಮತಿಯ (ಕನ್ಸೆಂಟ್) ನವೀಕರಣವೂ ಹತ್ತಿರ ಬಂದಿದೆ. ಅದರಲ್ಲೇ ಹೊಸ ಹಾರ್ಡ್ ಕ್ರೋಮ್ ತೊಟ್ಟಿಯೊಂದನ್ನು ಸೇರಿಸಿಬಿಡಬೇಕೆಂದು ಮಾಲೀಕರ ಆತುರ. ಎಲ್ಲ ಕಾಗದಗಳನ್ನೂ ಇವತ್ತು ಮೊದಲ ಬಾರಿಗೆ ಒಂದೇ ಮೇಜಿನ ಮೇಲೆ ಹರಡಿಕೊಂಡೆ. ನೀರಿನದು 1974ರ ಕಾಯ್ದೆಯಡಿ, ಗಾಳಿಯದು 1981ರ ಕಾಯ್ದೆಯಡಿ, ಅಪಾಯಕಾರಿ ತ್ಯಾಜ್ಯದ ಪರವಾನಗಿ 2016ರ ನಿಯಮಗಳಡಿ. ಬಿಡಿಬಿಡಿಯಾಗಿ ಓದಿದರೆ ಒಂದರಲ್ಲೂ ತಪ್ಪಿಲ್ಲ. ಸಂಸ್ಕರಿಸಿದ ನೀರಿನ ವರದಿಯಲ್ಲಿ ಹೆಕ್ಸಾವೆಲೆಂಟ್ ಕ್ರೋಮಿಯಂ, ಅಂದರೆ ಕ್ರೋಮಿಯಂನ ವಿಷಕಾರಿ ರೂಪ, ಲೀಟರಿಗೆ 0.1 ಮಿಲಿಗ್ರಾಂ ಮಿತಿಯ ಒಳಗೇ ಇದೆ. ತೊಟ್ಟಿಯಿಂದ ಏಳುವ ಗಾಳಿಯನ್ನು ತೊಳೆಯುವ ಸ್ಕ್ರಬ್ಬರ್‌ನ ವರದಿಯೂ ಚೆನ್ನಾಗಿದೆ. ಸ್ಲಡ್ಜ್, ಅಂದರೆ ಸಂಸ್ಕರಣೆಯಲ್ಲಿ ಉಳಿಯುವ ಕೆಸರು, ಕಳುಹಿಸಿದ ಸಾಗಣೆ ಚೀಟಿಗಳು, ಅಂದರೆ ಮ್ಯಾನಿಫೆಸ್ಟ್‌ಗಳು ಒಂದೂ ತಪ್ಪದೆ ಕಡತದಲ್ಲಿವೆ.

ಆಮೇಲೆ ಯಾರೂ ಕೇಳದ ಪುಸ್ತಕವೊಂದನ್ನು ತೆರೆದೆ, ಖರೀದಿ ಪುಸ್ತಕ. ವರ್ಷಕ್ಕೆ 600 ಕಿಲೋ ಕ್ರೋಮಿಕ್ ಆಮ್ಲ. ಅದರ ತೂಕದಲ್ಲಿ ಶೇಕಡ 52 ಕ್ರೋಮಿಯಂ, ಅಂದರೆ 312 ಕಿಲೋ. ಬಿಡಿಭಾಗಗಳ ಮೇಲೆ ಕೂತದ್ದು, ತೊಟ್ಟಿಯಲ್ಲೇ ಉಳಿದದ್ದು ಎಂದು ಕೈ ಧಾರಾಳ ಮಾಡಿ 200 ಕಿಲೋ ಕಳೆದೆ. ಉಳಿದ 112 ಕಿಲೋ ಸುಣ್ಣದ ಜೊತೆ ಹೈಡ್ರಾಕ್ಸೈಡ್ ಆಗಿ ಕೆಳಗೆ ಕೂತರೆ, ಪೂರ್ತಿ ಒಣಗಿಸಿದರೂ ಸುಮಾರು 220 ಕಿಲೋ ತೂಗಬೇಕು. ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಕೇಂದ್ರಕ್ಕೆ ಹೋಗಿರುವುದು 180 ಕಿಲೋ. ಅದೂ ನೀರು ಹಿಂಡುವ ಫಿಲ್ಟರ್ ಪ್ರೆಸ್‌ನಿಂದ ತೆಗೆದ ಹಸಿ ಸ್ಲಡ್ಜ್, ಅರ್ಧಕ್ಕಿಂತ ಹೆಚ್ಚು ನೀರೇ.

ಉಳಿದದ್ದು ಎಲ್ಲಿ?

ಕ್ರೋಮಿಯಂ ಮಾಯವಾಗುವ ವಸ್ತುವಲ್ಲ. ತೊಟ್ಟಿಯಿಂದ ಮಂಜಾಗಿ ಏಳುತ್ತದೆ, ಆಗ ಅದು ಗಾಳಿಯ ಕಾಗದಕ್ಕೆ ಸೇರಿದ್ದು. ಸ್ಕ್ರಬ್ಬರ್ ಅದನ್ನು ತೊಳೆದು ಇಟಿಪಿಗೆ, ಅಂದರೆ ಕೊಳೆನೀರು ಸಂಸ್ಕರಣಾ ಘಟಕಕ್ಕೆ, ಇಳಿಸುತ್ತದೆ, ಆಗ ನೀರಿನದು. ಅಲ್ಲಿ ಮೆಟಾಬೈಸಲ್ಫೈಟ್ ಎಂಬ ರಾಸಾಯನಿಕ ಹಾಕಿದರೆ ಹಳದಿ ನೀರು ಹಸಿರಾಗುತ್ತದೆ, ಸುಣ್ಣ ಹಾಕಿದರೆ ಕೆಸರಾಗಿ ತಳ ಸೇರುತ್ತದೆ, ಆಗ ತ್ಯಾಜ್ಯದ್ದು. ಮೂರು ಕಡೆ ಮೂರು ಹೆಸರಿನಲ್ಲಿ ಓಡಾಡುವುದು ಅದೇ ಕ್ರೋಮಿಯಂ. ಗಾಳಿ, ನೀರು, ನೆಲ ಮೂರನ್ನೂ ಸೇರಿಸಿ ನೋಡಿಯೇ ಕಾರ್ಖಾನೆಗೆ ಪರವಾನಗಿ ಕೊಡಬೇಕೆಂದು ಯುರೋಪ್ ಒಕ್ಕೂಟ 1996ರಲ್ಲೇ ನಿರ್ದೇಶನ ಹೊರಡಿಸಿತ್ತು. ಕಾಲೇಜಿನಲ್ಲಿ ಅದನ್ನು ಪರೀಕ್ಷೆಗೆಂದು ಓದಿದ್ದೆ. ಅದು ಏಕೆ ಬೇಕಿತ್ತೆಂದು ಇವತ್ತು ಖರೀದಿ ಪುಸ್ತಕ ಹೇಳಿತು. ನಮ್ಮಲ್ಲಿ ನೀರು ಮತ್ತು ಗಾಳಿಯ ಸಮ್ಮತಿ ಒಂದೇ ಆದೇಶದಲ್ಲಿ ಬಂದರೂ ಅಂಕಿಗಳು ತಮ್ಮತಮ್ಮ ಅಂಕಣಗಳಲ್ಲೇ ಇರುತ್ತವೆ, ಒಂದನ್ನೊಂದು ಮಾತನಾಡಿಸುವುದಿಲ್ಲ.

ಮಧ್ಯಾಹ್ನ ಮೇಸ್ತ್ರಿಯವರನ್ನು ಇಟಿಪಿ ಹತ್ತಿರ ಕಂಡೆ. ಪ್ರಶ್ನೆಯನ್ನು ಸುತ್ತಿಬಳಸಿ ಕೇಳುವ ಚೈತನ್ಯವಿರಲಿಲ್ಲ.

“ಮೇಸ್ತ್ರಿ, ಸ್ಲಡ್ಜ್ ಇಷ್ಟೇನಾ ಬರುವುದು?”

ಅವರು ಉತ್ತರಿಸಲಿಲ್ಲ. ತಲೆಯೆತ್ತಿ ಸೂರು ತೋರಿಸಿದರು. ಶೀಟಿನ ಅಂಚಿನ ಮಳೆನೀರಿನ ದೋಣಿ ಮುರಿದು, ಸರಿಯಾಗಿ ಸಂಗ್ರಹ ತೊಟ್ಟಿಯ ನೆತ್ತಿಯ ಮೇಲೆ ಜೋತುಬಿದ್ದಿತ್ತು. ಎಷ್ಟು ಸಲ ಅದರ ಕೆಳಗೆ ನಿಂತು ಪಿಎಚ್ ನೋಡಿಲ್ಲ ನಾನು! ತಲೆಯೆತ್ತಿ ನೋಡಿರಲಿಲ್ಲ.

“ಜೋರು ಮಳೆಯಾದರೆ ಶೀಟಿನ ನೀರೆಲ್ಲ ಇದಕ್ಕೇ ಬೀಳುತ್ತದೆ, ಮೇಡಂ. ತೊಟ್ಟಿ ತುಂಬಿ ಕಟ್ಟೆ ದಾಟುತ್ತದೆ. ಹಳದಿ ನೀರು. ರಾತ್ರಿ ಪಾಳಿಯಲ್ಲಿ ಒಬ್ಬನೇ ಇರುತ್ತೇನೆ, ಬಕೆಟ್‌ನಲ್ಲಿ ಎಷ್ಟೆಂದು ಮೊಗೆಯಲಿ?”

“ಎಲ್ಲಿಗೆ ಹೋಗುತ್ತದೆ ಅದು?”

“ಮೋರಿಗೆ. ಅಲ್ಲಿಂದ ವೃಷಭಾವತಿ ನದಿಗೆ.” ಸ್ವಲ್ಪ ಹೊತ್ತು ಬಿಟ್ಟು, “ಅಲ್ಲಿಂದ ನನ್ನ ತಂಗಿಯ ಊರಿಗೆ” ಎಂದರು.

ತಂಗಿಯನ್ನು ಬೈರಮಂಗಲದ ಕಡೆಗೆ ಕೊಟ್ಟಿದ್ದಾರಂತೆ. ಕೆರೆ ಕಾಲುವೆಯ ಪಕ್ಕದಲ್ಲೇ ಮುಕ್ಕಾಲು ಎಕರೆ. ನೊರೆ ತೇಲುವ ಆ ನೀರಿನಲ್ಲೇ ಹುಲ್ಲು, ಸೊಪ್ಪು. ಹಬ್ಬಕ್ಕೆ ಹೋದಾಗ ಇವರು ಹಿತ್ತಲಿನಿಂದ ಎರಡು ಕಟ್ಟು ದಂಟಿನ ಸೊಪ್ಪು ಕಿತ್ತುಕೊಂಡು ಬಂದರೆ, ತಂಗಿ ಕೈಯಿಂದ ಕಸಿದುಕೊಂಡಳಂತೆ. “ಅದು ಮನೆಗಲ್ಲ ಅಣ್ಣ, ಪೇಟೆಗೆ” ಎಂದಳಂತೆ.

ನನಗೆ ಮಾತು ಹೊರಡಲಿಲ್ಲ. ಸಂತೆಯಿಂದ ಅಮ್ಮ ತರುವ ಸೊಪ್ಪು ಎಲ್ಲಿಯದೆಂದು ಒಮ್ಮೆಯೂ ಕೇಳಿದವಳಲ್ಲ ನಾನು. ಆ ತಂಗಿಯನ್ನು ದೂರಲು ಮನಸ್ಸಾಗುವುದಿಲ್ಲ. ಅವಳ ಹೊಲಕ್ಕೆ ಬೇರೆ ನೀರನ್ನು ಯಾರು ಕೊಟ್ಟರು?

ಸಂಜೆ ಮಾಲೀಕರ ಕರೆ. “ಕಳೆದ ವರ್ಷದ ಅಂಕಿಯನ್ನೇ ಸ್ವಲ್ಪ ಹೆಚ್ಚುಕಡಿಮೆ ಮಾಡಿ ಹಾಕಿಬಿಡಿ, ಮೇಡಂ” ಎಂದರು. ಕೆಟ್ಟವರಲ್ಲ. ಕೆಲಸದವರ ಮಕ್ಕಳ ಶುಲ್ಕ ಕಟ್ಟುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೂ ಆಗುವುದಿಲ್ಲ ಎಂದೆ. ದೋಣಿ ಸರಿಯಾಗಬೇಕು, ತೊಟ್ಟಿಗೆ ಮುಚ್ಚಳ ಬೇಕು, ಕಟ್ಟೆ ಒಂದು ಅಡಿ ಏರಬೇಕು, ಅಷ್ಟಾಗುವವರೆಗೆ ಹೊಸ ತೊಟ್ಟಿಯ ಅರ್ಜಿಗೆ ನಾನು ಕೈ ಹಾಕುವುದಿಲ್ಲ ಎಂದೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ನಂತರ ಗಾರೆಯವನನ್ನು ಈಗಲೇ ಕರೆಸುತ್ತೇನೆ ಎಂದರು. ಆರೂವರೆಗೆ ಮೇಸ್ತ್ರಿ ಫೋಟೊ ಕಳುಹಿಸಿದರು, ಎರಡು ಸಾಲು ಇಟ್ಟಿಗೆ, ಹಸಿ ಗಾರೆ. ಅದನ್ನು ನೋಡಿ ಎಷ್ಟು ಸಂತೋಷವಾಯಿತೆಂದರೆ ಅಮ್ಮನಿಗೂ ತೋರಿಸಿದೆ. ಗೋಡೆಯ ಫೋಟೊ ಏಕೆ ತೋರಿಸುತ್ತಿದ್ದೇನೆಂದು ಅವಳಿಗೆ ತಿಳಿಯಲಿಲ್ಲ.

ನಮೂನೆಯಲ್ಲಿ ಸ್ಲಡ್ಜ್‌ನ ಅಂಕಣ ಇನ್ನೂ ಖಾಲಿ ಇದೆ. 180 ಎಂದೇ ಬರೆದು, ಕಾಣೆಯಾದದ್ದನ್ನು ಕೆಳಗೆ ಷರಾದಲ್ಲಿ ತಿಳಿಸಬಹುದು. ಷರಾವನ್ನು ಯಾರಾದರೂ ಓದುತ್ತಾರೆಯೇ? ಓದಿದರೆ ಮೊದಲು ಕೇಳುವುದು ರಾತ್ರಿ ಪಾಳಿಯಲ್ಲಿ ಯಾರಿದ್ದರು ಎಂದೇ ಅಲ್ಲವೇ? ಮೇಸ್ತ್ರಿಯ ಹೆಸರು ಎಲ್ಲೂ ಬರದ ಹಾಗೆ ವಾಕ್ಯ ಕಟ್ಟಲು ಆಗಿನಿಂದ ನೋಡುತ್ತಿದ್ದೇನೆ.

ಕಿಟಕಿಯ ಹೊರಗೆ ಮಿಂಚು. ಪೀಣ್ಯದ ದಿಕ್ಕಿಗೇ ಕಪ್ಪಾಗಿದೆ. ಕಟ್ಟೆಯ ಗಾರೆ ಇಷ್ಟು ಹೊತ್ತಿಗೆ ಗಟ್ಟಿಯಾಗಿರುವುದಿಲ್ಲ, ದೋಣಿ ನಾಳೆಯ ಕೆಲಸ. ಇವತ್ತೂ ಮೇಸ್ತ್ರಿಯದೇ ರಾತ್ರಿ ಪಾಳಿ. ತೊಟ್ಟಿಯ ಮೇಲೆ ಟಾರ್ಪಾಲಿನಾದರೂ ಎಳೆಯಲು ಹೇಳೋಣವೆಂದು ಎರಡು ಸಲ ಕರೆ ಮಾಡಿದೆ, ಎತ್ತುತ್ತಿಲ್ಲ. ಬಹುಶಃ ಆಗಲೇ ಬಕೆಟ್ ಹಿಡಿದು