ದುಡ್ಡು ಬೇಡ ಸ್ವಾಮಿ, ದಾರಿ ಬಿಡಿಸಿ

ಮಂಡ್ಯದ ಹತ್ತಿರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನಲ್ಲಿ ನಮ್ಮ ಸೋದರಮಾವನ ಎರಡು ಎಕರೆ ಕಬ್ಬಿದೆ. ಅಲ್ಲಿಗೆ ಹೋಗೋಕೆ ಇರುವುದು ಒಂದೇ ಗಾಡಿ ದಾರಿ, ಅದೂ ಪಕ್ಕದವರ ಹಿಡುವಳಿಯಲ್ಲಿ. ಸರಿಯಾಗಿ ಕಟಾವಿನ ಹೊತ್ತಿಗೆ ಅವರು ದಾರಿಗೆ ಅಡ್ಡಲಾಗಿ ಏಳು ಕಲ್ಲುಕಂಬ ನೆಟ್ಟು ಮುಳ್ಳುತಂತಿ ಬಿಗಿದರು.

ರಾತ್ರಿ ಮಾವನ ಫೋನು. "ನಾಳಿಕ್ಕೆ ಬಾರ್ಲಾ, ಟ್ರ್ಯಾಕ್ಟರ್‌ಗೆ ಚೈನ್ ಕಟ್ಟಿ ಎಲ್ಲಾ ಕಿತ್ತಾಕ್‌ಬುಡಾನ."

ಪುಣ್ಯಕ್ಕೆ ಮೊದಲು ವಕೀಲರ ಹತ್ತಿರ ಹೋದೆವು. ಅವರು ಹೇಳಿದ್ದು ಇಷ್ಟು: ಕಂಬ ಕಿತ್ತರೆ ಸ್ಟೇ ಮರೆತುಬಿಡಿ. ಬರೀ ನಷ್ಟಕ್ಕೆ ದುಡ್ಡು ಕೇಳುವುದು ಬೇರೆ, ಅಲ್ಲಿ ನಿಮ್ಮ ಹಕ್ಕಿಗೆ ಧಕ್ಕೆಯಾಗಿ ನಷ್ಟ ಆಗಿದೆ ಅಂತ ತೋರಿಸಿದರೆ ಸಾಕು, ನೀವು ಎಂಥವರು ಅಂತ ಯಾರೂ ಜಾಸ್ತಿ ಕೇಳಲ್ಲ. ಆದರೆ "ಅವರನ್ನು ತಡೆಯಿರಿ" ಅಂತ ಕೇಳಿದಾಗ ಅದು ಕೋರ್ಟಿನ ವಿವೇಚನೆ, ಹಾಗಾಗಿ ನಿಮ್ಮ ನಡತೆಯೂ ತಕ್ಕಡಿಗೆ ಬೀಳುತ್ತೆ. ಕೇಸು ಮೇಲ್ನೋಟಕ್ಕೆ ಗಟ್ಟಿ ಇದೆಯಾ, ಆದೇಶ ಕೊಟ್ಟರೆ ಬಿಟ್ಟರೆ ಯಾರಿಗೆ ಜಾಸ್ತಿ ತೊಂದರೆ, ಆಮೇಲೆ ದುಡ್ಡು ಕೊಟ್ಟು ಸರಿ ಮಾಡಬಹುದಾದ ನಷ್ಟವಾ ಅಂತ ನೋಡ್ತಾರೆ.

ಮಾವ ಉತ್ಸಾಹದಲ್ಲಿ, "ಅವರಪ್ಪ ಒಳ್ಳೆ ಮನ್ಸ, ಹೋಗ್ಲಿ ಬುಡು, ಓಡಾಡ್ಕೊ ಅಂದಿದ್ರು" ಅಂದುಬಿಟ್ಟರು. ವಕೀಲರು ಪೆನ್ನು ಕೆಳಗಿಟ್ಟರು. ದಾರಿ ಗ್ರಾಮ ನಕಾಶೆಯಲ್ಲಿ ಇಲ್ಲ. ಹಾಗಿದ್ದಾಗ 1882ರ ಈಸ್‌ಮೆಂಟ್ (ಬೇರೆಯವರ ಜಮೀನಿನಲ್ಲಿ ಓಡಾಡುವಂಥ ಹಕ್ಕು) ಕಾಯ್ದೆ ಪ್ರಕಾರ 20 ವರ್ಷ ತಡೆಯಿಲ್ಲದೆ, ನಮ್ಮ ಹಕ್ಕು ಅಂತಲೇ ಓಡಾಡಿರಬೇಕು. ಅನುಮತಿ ಕೇಳಿ ಓಡಾಡಿದ್ದು ಅದಕ್ಕೆ ಲೆಕ್ಕಕ್ಕಿಲ್ಲ! ಆಮೇಲೆ ಕೂತು ಕೆದಕಿದಾಗ ಗೊತ್ತಾಯಿತು, ಆ ಮಾತು ಆಡಿದ್ದು ಅವರ ಬಾವಿಯಿಂದ ನೀರು ತರೋಕೆ ಓಡಾಡುವ ಬಗ್ಗೆ, ದಾರಿಯಲ್ಲಿ ತಾತನ ಕಾಲದಿಂದಲೂ ಎತ್ತಿನ ಗಾಡಿ ಹೋಗ್ತಿತ್ತು, ಯಾರೂ ಯಾರನ್ನೂ ಕೇಳಿರಲಿಲ್ಲ.

ನನಗೆ ಈಗಲೂ ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ಗುಂಡಿ ತೋಡುವಾಗಲೇ ಹೋಗಿದ್ದರೆ "ಕಂಬ ನೆಡಬೇಡಿ" ಅಂತ ಮಾಮೂಲಿ ತಡೆಯಾಜ್ಞೆ ಸಾಕಿತ್ತು. ನಾವು ಸುಮ್ನೆ ಹದಿನೈದು ದಿನ ಪಂಚಾಯಿತಿ ಕಟ್ಟೆಯಲ್ಲಿ ಕಾಲ ಕಳೆದೆವು. ನೆಟ್ಟ ಮೇಲೆ "ಕಿತ್ತು ಹಾಕಿಸಿ" ಅಂತ ಕೇಳಬೇಕು, ಮಧ್ಯಂತರದಲ್ಲಿ, ಅಂದರೆ ದಾವೆ ಮುಗಿಯುವ ಮೊದಲೇ, ಅದು ಸಿಗುವುದು ತೀರಾ ಅಪರೂಪ. 1990ರ ದೊರಾಬ್ ಕವಾಸ್ಜಿ ವಾರ್ಡನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಬರೀ ಮೇಲ್ನೋಟದ ಕೇಸು ಸಾಲದು, ಇನ್ನೂ ಗಟ್ಟಿ ಇರಬೇಕು ಅಂದಿದೆ. ಸಾಲದ್ದಕ್ಕೆ ಪಕ್ಕದವರು ಮೊದಲೇ ಕೇವಿಯಟ್ (ನಮಗೂ ತಿಳಿಸಿ ಅಂತ ಕೋರ್ಟಿಗೆ ಮುಂಚೆಯೇ ಕೊಡುವ ಅರ್ಜಿ) ಹಾಕಿದ್ದರು, ಅವರ ಮಾತು ಕೇಳದೆ ಆದೇಶ ಸಿಗುವ ಹಾಗೂ ಇಲ್ಲ.

ಕಬ್ಬು ಕಾಯುತ್ತಾ? ಆಳು ಹಿಡಿದು, ಹೊರೆ ತಲೆ ಮೇಲೆ ಹೊರಿಸಿ ನಾಲೆ ಏರಿವರೆಗೂ ಸಾಗಿಸಿದೆವು. ಕೂಲಿ ಡಬಲ್. ಕಡಿದ ಕಬ್ಬು ಎರಡು ದಿನ ಬಿಸಿಲಲ್ಲಿ ಬಿದ್ದು ತೂಕವೂ ಇಳಿಯಿತು.

ಕೋರ್ಟು ನೇಮಿಸಿದ ಕಮಿಷನರ್ ಬಂದು ಗಾಡಿ ಚಕ್ರದ ಹಳೇ ಜಾಡು ನೋಡಿ ವರದಿ ಕೊಟ್ಟ ಮೇಲೆ ಎರಡು ಕಂಬ ತೆಗೆಯಲು ಆದೇಶ ಆಯಿತು, ಟ್ರ್ಯಾಕ್ಟರ್ ಹೋಗುವಷ್ಟು. ಅಸಲು ದಾವೆ ಇನ್ನೂ ನಡೀತಿದೆ. ನಷ್ಟದ ದುಡ್ಡನ್ನೂ ಅದರಲ್ಲೇ ಕೇಳಿದ್ದೇವೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 40ನೇ ಕಲಂ ಪ್ರಕಾರ ದಾವಾ ಅರ್ಜಿಯಲ್ಲಿ ಕೇಳದಿದ್ದರೆ ಕೊಡಲ್ಲ. ಅದಕ್ಕೇ ಮಾವ ಈಗ ತೂಕದ ಚೀಟಿ, ಕೂಲಿ ಬರೆದ ಸಿಗರೇಟು ಪ್ಯಾಕಿನ ರಟ್ಟು, ಎಲ್ಲವನ್ನೂ ಪಹಣಿ ಜೊತೆ ಒಂದೇ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದಾರೆ.