ಕಾಣದಂಗ ಮಾಡಿದ ಕೆಲಸಕ್ಕ ರೊಕ್ಕ ಕೊಡಾಕ ಯಾಕ ಇಷ್ಟು ಸಂಕಟ?

"ಏನೂ ಕಾಣವಲ್ದಲ್ಲೋ, ಇಷ್ಟ್ ರೊಕ್ಕ ಯಾತಕ್ಕ?"

ಮೊನ್ನಿ ನಮ್ಮ ಭಾವಾರು ಗೇಟ್ ಹತ್ರ ನಿಂತು ಎಲೆಕ್ಟ್ರಿಷಿಯನ್ ಹುಡುಗಗ ಅಂದ ಮಾತು ಇದು. ಅಂವ ಡ್ರಿಲ್ಲಿನ ವೈರ್ ಸುತ್ತಿಕೋಂತ "ಕಾಣಬಾರ್ದು ಅಂತ ನೀವ ಹೇಳಿದ್ರೆಲ್ರಿ ಸರ್" ಅಂದ. ದನಿ ಏರಿಸಲಿಲ್ಲ, ಏನಿಲ್ಲ. ಅವತ್ತಿನಿಂದ ಇದ ಮಾತು ತಲ್ಯಾಗ ತಿರಗಾಕತ್ತೈತಿ.

ನಮ್ಮದು ಬೆಳಗಾವಿ ಟಿಳಕವಾಡಿ ಕಡೆ ಹಳೆ ಮನಿ. ಹಿತ್ತಲ ಮೆಟ್ಲ ಮ್ಯಾಲ ಸಂಜಿಮುಂದ ಅತ್ತಿಯವರಿಗೆ ಕಣ್ಣ ಕಾಣಂಗಿಲ್ಲ, ತುಳಸಿಕಟ್ಟಿಗೆ ದೀಪ ಇಡಾಕ ಹೋಗೂದು ಬಿಡಂಗಿಲ್ಲ, ಅದಕ್ಕ 12 ವೋಲ್ಟಿನ ಸಣ್ಣ ಲೈಟ್ ಹಾಕ್ಸೂದು ಅಂತ ಆತು. ಒಂದ್ ವೈರ್ ಕಂಡ್ರೂ ನಡಿಯಂಗಿಲ್ಲ ಅಂತ ಮೊದಲ ಕರಾರು ಹಾಕಿದವ್ರು ಭಾವಾರ.

ಹುಡುಗ ಬಂದವನ ಡ್ರಿಲ್ ತಗೀಲಿಲ್ಲ, ಮೊದಲ ಮನಿ ಸುತ್ತ ತಿರಗಿದ, ಮಳಿ ನೀರು ಎಲ್ಲೆಲ್ಲಿ ಇಳಿತೈತಿ ಅಂತ ಕೇಳಿದ. ಬೆಳಗಾವಿ ಮಳಿ ಗೊತ್ತಲ್ರಿ, ಜೂನ್‌ದಾಗ ಹಿಡಿತಂದ್ರ ಗೋಡಿ ಒಣಗಾಕ ಪುರಸೊತ್ತ ಕೊಡಂಗಿಲ್ಲ. ವೈರ್ ಸಜ್ಜಾದ ಕೆಳಗ ಒಳಮೂಲ್ಯಾಗ ಹಿಡಿದು ತಂದ, ಅಲ್ಲಿಂದ ಮಳಿನೀರಿನ ಪೈಪಿನ ಹಿಂದ ಕೆಳಗಿಳಿಸಿದ, ಬಯಲು ಗೋಡಿ ಬಂದಲ್ಲಿ ಸಣ್ಣ ಪಿವಿಸಿ ಪೈಪ್ ಹಾಕಿ ನಮ್ಮಲ್ಲೇ ಉಳಿದಿದ್ದ ಗೋಡಿ ಪೇಂಟ್ ಬಳದ. ಗೋಡಿಗೆ ತೂತು ಹಾಕೂವಾಗ ಹೊರಗಿನ ಬಾಯಿ ಸ್ವಲ್ಪ ತಗ್ಗ ಇಟ್ಟ, ನೀರು ಒಳಗ ಬರಬಾರ್ದು ಅಂತ, ಮ್ಯಾಲ ಸಿಲಿಕಾನ್ ತುಂಬಿದ. ವೈರ್ ಜೋಡಿಸೂ ಬಾಕ್ಸಿಗೆ ಹೋಗೂ ಮೊದಲ ವೈರಿಗೆ ಒಂದೀಟು ಜೋತು ಬಿಟ್ಟ, ಹನಿ ಅಲ್ಲೇ ಉದುರಿ ಹೋಗ್ಲಿ ಅಂತ. ಮನಿ ಕರೆಂಟ್ 12 ವೋಲ್ಟಿಗೆ ಇಳಿಸೂ ಅಡಾಪ್ಟರ್ ಮಾತ್ರ ಹೊರಗ ಇಡಲಿಲ್ಲ, ವರಾಂಡದಾಗ ಇಟ್ಟ. ಜಾಯಿಂಟ್ ಒಂದೂ ಪೈಪಿನೊಳಗ ಇಲ್ಲ, ಎಲ್ಲಾ ಬಾಕ್ಸಿನ್ಯಾಗ. "ನಾಳೆ ಕೆಟ್ರ ಗೋಡಿ ಒಡಿಯೂದು ಬ್ಯಾಡ್ರಿ ಅಕ್ಕಾರ, ಸ್ಕ್ರೂ ಬಿಚ್ಚಿದ್ರ ಆತು" ಅಂದ.

ಸಣ್ಣ ಲೈಟಿಗೆ ಇಷ್ಟು ದಪ್ಪ ವೈರ್ ಯಾಕಪಾ ಅಂತ ನಾನೂ ಕೇಳಿದೆ. ಅಷ್ಟ ವ್ಯಾಟಿಗೆ ವೋಲ್ಟ್ ಕಡಿಮಿ ಇದ್ದಷ್ಟು ಕರೆಂಟ್ ಜಾಸ್ತಿ ಹರಿಬೇಕು ಅಂತ ಲೆಕ್ಕ ಹಾಕಿ ತೋರಿಸಿದ. ನಮ್ಮ ಲೈಟ್ ಎಲ್ಲಾ ಸೇರಿ 24 ವ್ಯಾಟ್, ಅಂದ್ರ 2 ಆಂಪಿಯರ್. 20 ಮೀಟರ್ ದೂರಕ್ಕ ಅರ್ಧ ಸ್ಕ್ವೇರ್ ಎಂಎಂ ವೈರ್ ಎಳದ್ರ ಹೋಗಿ ಬರೂದ್ರೊಳಗ ಹತ್ತಿರಹತ್ತಿರ 3 ವೋಲ್ಟ್ ದಾರ್ಯಾಗ ಹೋಗ್ತಾವು, ತುದಿ ಲೈಟ್ ಮಂಕಾಗ್ತಾವು. ಒಂದೂವರೆ ಸ್ಕ್ವೇರ್ ಎಂಎಂ ಹಾಕಿದ್ರ ಒಂದ ವೋಲ್ಟ್ ಹೋಗ್ತೈತಿ. ಇದೂ ಹೊರಗ ಕಾಣೂ ಖರ್ಚಲ್ಲ.

ಭಾವಾರು ಕೆಟ್ಟವರಲ್ಲ, ಜಾತ್ರಿಗೆ ಕೈ ಬಿಚ್ಚಿ ಪಟ್ಟಿ ಕೊಡೂ ಮನುಷ್ಯ. ಮುಂದಿನ ಗೋಡಿಗೆ ಗ್ರಾನೈಟ್ ಹಚ್ಚಿಸಿದಾಗ ಒಂದ್ ರೂಪಾಯಿ ಚೌಕಾಶಿ ಮಾಡಲಿಲ್ಲ, ಯಾಕಂದ್ರ ಅದು ರಸ್ತಾದಾಗ ಹೋಗೂ ಮಂದಿಗೆ ಕಾಣತೈತಿ. ಭಾವಾರ ಒಬ್ರ ಅಲ್ಲ ಬಿಡ್ರಿ. ವಡಗಾವಿಯೊಳಗ ಸೀರಿಗೆ ಫಾಲ್ ಹಚ್ಚೂ ಅಕ್ಕ ಒಬ್ರು ಅದಾರ, ಮ್ಯಾಲ ಒಂದ್ ಹೊಲಿಗಿ ಕಾಣಬಾರ್ದು ಅಂತ ನಾವ ಹೇಳ್ತೀವಿ, ಕಾಣದಂಗ ಹೊಲದು ಕೊಟ್ರ ಹತ್ತು ರೂಪಾಯಿ ಕಡಿಮಿ ಮಾಡ್ರಿ ಅಂತ ನಾವ ಜಗ್ಗಾಡತೀವಿ. ಕಣ್ಣಾಗ ಎಣ್ಣಿ ಹಾಕ್ಕೊಂಡು ಮಾಡಿದ ಕೆಲಸ ಚೊಲೋ ಆದಷ್ಟು ಅದರ ಬೆಲಿ ಇಳಿಯೂದು ಯಾವ ನ್ಯಾಯ? ಅದ ಹುಡುಗ ವೈರ್ ಜೋತಾಡಿಸಿ ಮೊಳಿ ಹೊಡದು ಹೋಗಿದ್ರ ಅರ್ಧ ತಾಸಿನ ಕೆಲಸ, ಕೆಲಸ ಮಾಡ್ಯಾನ ಅಂತ ಎಲ್ಲಾರಿಗೂ ಕಾಣತಿತ್ತು.

ಹುಡುಗ ಕೇಳಿದಷ್ಟೂ ಪೂರ್ತಿ ನಾ ಕೊಟ್ಟೆ, ಭಾವಾರ ಮುಂದನ. ಮುಖ ಸಣ್ಣದ ಮಾಡ್ಕೊಂಡ್ರು, ಮಾಡ್ಕೊಳ್ಳಿ. ನಿನ್ನೆ ಮತ್ತ ಫೋನ್ ಮಾಡಿ, ಅವರ ಹೊಸ ಮನಿಗೂ ಹಿಂಗ ಲೈಟ್ ಬೇಕಂತ, ಆ ಹುಡುಗನ ನಂಬರ್ ಕೊಡು ಅಂದ್ರು. ಮೊದಲ ಅಂವನ್ನ ನಮ್ಮನೀಗೆ ಕರಸ್ತೀನಿ, ನನ್ನ ಮುಂದ ರೇಟ್ ಮಾತಾಡ್ರಿ, ಅರ್ಧ ರೊಕ್ಕ ಅಡ್ವಾನ್ಸ್ ಕೊಡ್ರಿ, ಆಮ್ಯಾಲ ನಂಬರ್ ಕೊಡ್ತೀನ್ರಿ ಭಾವಾರ ಅಂತ ಹೇಳೀನಿ.