ಎಚ್5ರ ಕಾಲಾಳು: ಶಿವಮೊಗ್ಗದಲ್ಲಿ ಕಂಡ ಒಂದು ಕಾರೋ-ಕಾನ್ ಆಟ

ಚೆಸ್‌ನಲ್ಲಿ ರಕ್ಷಣಾತ್ಮಕ ಆರಂಭ ಎಂದರೆ ಪೆಟ್ಟು ತಿನ್ನುತ್ತಾ ಡ್ರಾಗಾಗಿ ಕಾಯುವ ಆಟವೆಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಮಳೆಗಾಲದಲ್ಲಿ ಶಿವಮೊಗ್ಗದಲ್ಲಿ ನಡೆದ ಮುಕ್ತ ಪಂದ್ಯಾವಳಿಯೊಂದರಲ್ಲಿ, ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ಹೈಸ್ಕೂಲು ಹುಡುಗಿಯೊಬ್ಬಳು ತನಗಿಂತ ಎಷ್ಟೋ ಅನುಭವಿಯಾದ ಎದುರಾಳಿಯ ವಿರುದ್ಧ ಕಪ್ಪು ಕಾಯಿಗಳಲ್ಲಿ ಆಡಿದ ಕಾರೋ-ಕಾನ್ ಆಟವನ್ನು ಅವರೆಲ್ಲ ನೋಡಬೇಕಿತ್ತು.

ಹೊರೇಷಿಯೋ ಕಾರೋ ಮತ್ತು ಮಾರ್ಕಸ್ ಕಾನ್ 1886ರಲ್ಲಿ ವಿಶ್ಲೇಷಿಸಿದ ಆರಂಭವಿದು. ಹಲಗೆಯ ಪ್ರತಿ ಮನೆಗೂ ಉದ್ದಸಾಲಿನ ಅಕ್ಷರ ಮತ್ತು ಅಡ್ಡಸಾಲಿನ ಸಂಖ್ಯೆ ಸೇರಿ ಹೆಸರು; ಬರಿಯ ಮನೆಯ ಹೆಸರು ಹೇಳಿದರೆ ಕಾಲಾಳು ಆ ಮನೆಗೆ ನಡೆಯಿತೆಂದು ಅರ್ಥ. ಬಿಳಿಯ ಇ4ಕ್ಕೆ ಕಪ್ಪು ಸಿ6 ಎಂದು ಉತ್ತರಿಸಿ, ಮರುನಡೆಯಲ್ಲಿ ಡಿ5 ನಡೆಸುತ್ತದೆ. ಇ4ಕ್ಕೆ ಕಪ್ಪಿನ ಇನ್ನೊಂದು ಉತ್ತರವಾದ ಫ್ರೆಂಚ್ ರಕ್ಷಣೆಯಲ್ಲಿ ತನ್ನದೇ ಕಾಲಾಳುಗಳ ಹಿಂದೆ ಸಿಕ್ಕಿಕೊಳ್ಳುವ ಒಂಟೆ ಇಲ್ಲಿ ಮೊದಲೇ ಎಫ್5ಕ್ಕೆ ಹೊರಬರುತ್ತದೆ. ಬೊಟ್ವಿನ್ನಿಕ್ 1958ರಲ್ಲಿ ಸ್ಮಿಸ್ಲೊವ್ ಅವರಿಂದ ವಿಶ್ವಪಟ್ಟವನ್ನು ಮರಳಿ ಪಡೆದ ಸರಣಿಯ ಮೊದಲ ಆಟವನ್ನೇ ಇದರಿಂದ ಗೆದ್ದಿದ್ದರು.

ಈ ಒಂಟೆಯನ್ನು ಬೆನ್ನಟ್ಟಲು ಬಿಳಿ ತನ್ನ ಅಂಚಿನ ಕಾಲಾಳನ್ನು ಎಚ್4ಕ್ಕೂ ಅಲ್ಲಿಂದ ಎಚ್5ಕ್ಕೂ ತಳ್ಳುತ್ತದೆ. 1966ರ ವಿಶ್ವಪಟ್ಟದ ಸರಣಿಯ ಒಂದು ಆಟದಲ್ಲಿ ಸ್ಪಾಸ್ಕಿ ಪೆಟ್ರೋಸಿಯನ್ ಎದುರು ಹೀಗೆಯೇ ಆಡಿದ್ದರು, ಆ ಆಟವನ್ನು ಗೆದ್ದೂ ಇದ್ದರು. ಎಚ್5ರ ಕಾಲಾಳು ಕಪ್ಪಿನ ರಾಜನ ಪಾರ್ಶ್ವವನ್ನು ಬಿಗಿಹಿಡಿಯುತ್ತದೆ ನಿಜ, ಆದರೆ ಕಾಲಾಳಿಗೆ ಹಿಂದಿರುಗುವ ದಾರಿಯಿಲ್ಲ. ಜೊತೆಗೆ ಬಿಳಿ ಮನೆಗಳಲ್ಲಿ ಓಡಾಡುವ ಒಂಟೆಗಳೆರಡೂ ಡಿ3ರಲ್ಲಿ ವಿನಿಮಯವಾಗಿಬಿಡುವುದರಿಂದ, ಬಿಳಿ ಮನೆಯಲ್ಲೇ ನಿಂತ ಆ ಕಾಲಾಳನ್ನು ಬಿಳಿಯ ಉಳಿದ ಒಂಟೆ ಎಂದಿಗೂ ಕಾಯಲಾರದು.

ಹುಡುಗಿಯ ಆಟ ಈ ಒಂದೇ ಅಂಶದ ಮೇಲೆ ನಿಂತಿತ್ತು. ಆಕೆ ಮಂತ್ರಿಗಳ ವಿನಿಮಯಕ್ಕೆ ಅವಕಾಶ ಕೊಟ್ಟಳು, ಸಿ5 ನಡೆಸಿ ನಡುವನ್ನು ಬಿಡಿಸಿದಳು, ಒಂದು ಜೋಡಿ ಆನೆಗಳನ್ನೂ ಕಳೆದಳು. ಎಫ್6ರ ಕುದುರೆ ಎಚ್5ರ ಮೇಲೆ ಕಣ್ಣಿಟ್ಟಿದ್ದರಿಂದ ಬಿಳಿಯ ಕೊನೆಯ ಆನೆ ಎಚ್1 ಬಿಟ್ಟು ಕದಲುವಂತಿರಲಿಲ್ಲ. ಡಿ ಸಾಲು ಪೂರ್ತಿ ಕಪ್ಪಿನ ಪಾಲಾಯಿತು. ಆಗ ಆಕೆ ಸಾಕಷ್ಟು ಹೊತ್ತು ಯೋಚಿಸಿ, ಎರಡನೇ ಅಡ್ಡಸಾಲಿಗೆ ನುಗ್ಗುವ ಬದಲು, ಆನೆಯನ್ನು ಡಿ5ರಲ್ಲಿ ನಿಲ್ಲಿಸಿದಳು. ನನಗೆ ಈ ಆಟದಲ್ಲಿ ಅತ್ಯಂತ ಮೆಚ್ಚುಗೆಯಾದ ನಡೆ ಅದು. ಐದನೇ ಅಡ್ಡಸಾಲಿನುದ್ದಕ್ಕೂ ಆನೆಯ ನೋಟ ನೇರವಾಗಿ ಎಚ್5ಕ್ಕೆ ತಾಗುತ್ತಿತ್ತು. ದಾಳಿಗೆ ಇಬ್ಬರು, ಕಾವಲಿಗೆ ಒಬ್ಬನೇ. ಕಾಲಾಳು ಬಿತ್ತು. ಉಳಿದದ್ದು ಹೆಚ್ಚುವರಿ ಕಾಲಾಳನ್ನು ಮುಂದೆ ನಡೆಸುವ ಕೆಲಸ ಮಾತ್ರ, ಅದನ್ನು ಆಕೆ ಅವಸರವಿಲ್ಲದೆ ಮಾಡಿ ಮುಗಿಸಿದಳು.

ಬಿಳಿ ಸೋತದ್ದು ಎಚ್5 ನಡೆಯಿಂದಲ್ಲ ಎಂದು ನನ್ನ ಖಚಿತ ಅಭಿಪ್ರಾಯ. ಆ ನಡೆ ಆಡಿದ ಮೇಲೆ ಮಂತ್ರಿಗಳನ್ನು ಉಳಿಸಿಕೊಂಡು ಜಿ4 ಮೂಲಕ ದಾಳಿಯನ್ನು ಮುಂದುವರಿಸಲೇಬೇಕಿತ್ತು. ಮಂತ್ರಿಗಳನ್ನು ಕೈಬಿಟ್ಟ ಕ್ಷಣದಿಂದ ಆ ಕಾಲಾಳಿಗೆ ಅಲ್ಲಿ ಮಾಡಲು ಕೆಲಸವೇ ಉಳಿದಿರಲಿಲ್ಲ.